ಮಾವ ‘ಹೋಗಲಿ’ ಎನ್ನದ ಬಿಯರ್

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಇರಬಹುದು. ಆದರೆ ಹೆಂಡತಿಯ ಅಪ್ಪನ ಜೊತೆ ಒಂದೇ ಮನೆಯಲ್ಲಿ ಉಂಡು, ಒಂದೇ ಬಸ್ಸು ಹತ್ತಿ, ಒಂದೇ ಕಾರ್ಖಾನೆಯಲ್ಲಿ ಎಂಟು ಗಂಟೆ ದುಡಿದು ನೋಡಿ, ಆಮೇಲೆ ಮಾತಾಡೋಣ.

ನಮ್ಮದು ಬಿಯರ್ ಕಾರ್ಖಾನೆ. ಬಿಯರ್ ಹುದುಗುವುದನ್ನು ನೋಡಿಕೊಳ್ಳುವುದು, ಆಮೇಲೆ ತಣ್ಣನೆಯ ಟ್ಯಾಂಕುಗಳಲ್ಲಿ ಅದು ಹದಕ್ಕೆ ಬರುವ ತನಕ ಕಾಯುವುದು ನನ್ನ ಕೆಲಸ. ಅಲ್ಲಿಂದ ಮುಂದೆ ಫಿಲ್ಟರ್ ಕೋಣೆ, ಅಂದರೆ ಮಾವನ ರಾಜ್ಯ. ಟ್ಯಾಂಕಿನಲ್ಲಿರುವ ಬಿಯರ್ ಮಬ್ಬಾಗಿರುತ್ತದೆ. ಯೀಸ್ಟಿನ ಕಣಗಳು ತೇಲುತ್ತಿರುತ್ತವೆ. ಹಾಗೆಯೇ ಬಾಟಲಿಗೆ ತುಂಬಿದರೆ ತಳದಲ್ಲಿ ಗಸಿ ಕೂರುತ್ತದೆ, ಅಂಗಡಿಯ ಕಪಾಟಿನಲ್ಲಿ ದಿನ ಕಳೆದಂತೆ ರುಚಿಯೂ ಕೆಡುತ್ತದೆ. ಅದಕ್ಕೇ ಜಾಲರಿಗಳ ಮೇಲೆ ಹಿಟ್ಟಿನಷ್ಟು ನುಣುಪಾದ ಬಿಳಿ ಮಣ್ಣಿನ ಪದರ ಕೂರಿಸಿ, ಅದರ ಮೂಲಕ ಬಿಯರ್ ಹಾಯಿಸುತ್ತಾರೆ. ಮೊದಲು ಬರುವುದು ಮಬ್ಬೇ. ಅದನ್ನು ಮತ್ತೆ ಅದೇ ಪದರಕ್ಕೆ ಸುತ್ತಿಸುತ್ತಾರೆ. ತಿಳಿಯಾದ ಮೇಲೆ ವಾಲ್ವ್ ತಿರುಗಿಸಿ ಬಾಟಲಿ ತುಂಬುವ ಕಡೆಗೆ ಬಿಡುತ್ತಾರೆ.

ಆ ವಾಲ್ವ್ ತಿರುಗುವುದು ಮಾವ ಗ್ಲಾಸನ್ನು ದೀಪಕ್ಕೆ ಹಿಡಿದು “ಹೋಗಲಿ” ಎಂದಾಗ ಮಾತ್ರ. ಮಬ್ಬು ಅಳೆಯುವ ಮೀಟರ್ ಒಂದು ಗೋಡೆಯ ಮೇಲಿದೆ. ಅದು ಬಂದ ಹೊಸದರಲ್ಲಿ ಒಮ್ಮೆ ಎಲ್ಲ ಸರಿಯಿದೆ ಎಂದು ತೋರಿಸಿತ್ತು. ಮಾವ ಗ್ಲಾಸು ನೋಡಿ ಇಲ್ಲ ಎಂದರು. ಬಿಚ್ಚಿ ನೋಡಿದರೆ ಜಾಲರಿಯೊಂದು ಹರಿದು ಪದರ ಕುಸಿದಿತ್ತು. ಅವತ್ತಿನಿಂದ ಕಾರ್ಖಾನೆಯ ಒಡತಿ, ನಮ್ಮ ಮೇಡಂ, ಕೊನೆಯ ಮಾತು ಅವರದೇ ಎಂದು ನಿಯಮ ಮಾಡಿಬಿಟ್ಟರು. ಬಾಟಲಿ ವಿಭಾಗದವರು ಅವರಿಗೆ ಭೂತಗನ್ನಡಿ ಎಂದು ಹೆಸರಿಟ್ಟರು. ಮಾವ ತಮ್ಮ ಟವೆಲನ್ನು ಮೀಟರಿನ ಮೇಲೆ ಒಣಗಹಾಕತೊಡಗಿದರು.

ಒಂದು ಮಂಗಳವಾರ ಮೇಡಂ ನನ್ನನ್ನು ಕರೆಸಿದರು. ಮೇಜಿನ ಮೇಲೆ ನಮ್ಮದೇ ಎರಡು ಬಾಟಲಿಗಳಿದ್ದವು.

“ಕುಡಿದು ನೋಡಿ,” ಎಂದರು.

ನೋಡಿದೆ. ನೊರೆ ಎದ್ದದ್ದು ಕಣ್ಣುಮುಚ್ಚಿ ತೆಗೆಯುವುದರೊಳಗೆ ಮಾಯವಾಯಿತು. ಬಾಯಿಗೆ ತೆಳ್ಳಗೆ ಹತ್ತಿತು. ಎರಡನೆಯ ಬಾಟಲಿ ಎರಡು ತಿಂಗಳು ಹಳೆಯದು. ಒದ್ದೆ ರಟ್ಟಿನ ವಾಸನೆ ಹೊಡೆಯುತ್ತಿತ್ತು.

“ಬಾಟಲಿ ನೋಡಿದ್ರೆ ಕನ್ನಡಿ ಥರ ಇದೆ. ಅಂದ್ರೆ ಫಿಲ್ಟರ್‌ನಲ್ಲಿ ತೊಂದ್ರೆ ಇಲ್ಲ. ತಪ್ಪು ನಿಮ್ಮ ಟ್ಯಾಂಕಿನಲ್ಲೇ ಇರ್ಬೇಕಲ್ವಾ? ಶನಿವಾರದೊಳಗೆ ಕಾರಣ ಹೇಳಿ. ಇಲ್ಲಾಂದ್ರೆ ಆ ಕೆಲ್ಸಕ್ಕೆ ಬೇರೆಯವರನ್ನ ನೋಡ್ಬೇಕಾಗುತ್ತೆ.”

ಹನ್ನೊಂದು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾದ ಟ್ಯಾಂಕುಗಳು. ನನ್ನ ಮೈ ಉರಿದುಹೋಯಿತು.

ಟ್ಯಾಂಕುಗಳ ಲೆಕ್ಕವನ್ನೆಲ್ಲ ತಿರುವಿಹಾಕಿದೆ. ಎಳ್ಳಷ್ಟೂ ವ್ಯತ್ಯಾಸ ಸಿಗಲಿಲ್ಲ. ಟ್ಯಾಂಕಿನಿಂದ ನೇರವಾಗಿ ಹಿಡಿದ ಬಿಯರ್ ಮಬ್ಬಾಗಿತ್ತು, ಆದರೆ ನೊರೆ ಕೆನೆಯ ಹಾಗೆ ನಿಂತಿತ್ತು. ಆಮೇಲೆ ಫಿಲ್ಟರ್ ಕೋಣೆಯ ಪುಸ್ತಕ ತೆಗೆದೆ. ಮೊದಲೆಲ್ಲ ಬಿಯರ್ ಇಪ್ಪತ್ತು ನಿಮಿಷ ಸುತ್ತುತ್ತಿತ್ತು. ನಾಲ್ಕು ತಿಂಗಳ ಹಿಂದೆ ಅದು ನಲವತ್ತಾಗಿ, ಈಗ ಒಂದೂವರೆ ಗಂಟೆಗೆ ಬಂದು ನಿಂತಿತ್ತು. ಅದೂ ಸಾಲದೆಂದು ದಪ್ಪ ಹಾಳೆಗಳ ಇನ್ನೊಂದು ಫಿಲ್ಟರಿನಲ್ಲೂ ಹಾಯಿಸಿದ್ದರು. ಅಷ್ಟು ಸೋಸಿದರೆ ಕಸದ ಜೊತೆ ಸತ್ವವೂ ಹೋಗುತ್ತದೆ, ನೊರೆ ಹಿಡಿದಿಡುವ ಗುಣವೂ ಹೋಗುತ್ತದೆ; ಪಂಪಿನಲ್ಲಿ ತಿರುಗಿ ತಿರುಗಿ ಗಾಳಿ ಸೇರಿ ಬೇಗ ಹಳಸುತ್ತದೆ. ಪ್ರತಿ ದಿನದ ಮುಂದೆಯೂ ಮಾವ ದಪ್ಪ ಅಕ್ಷರದಲ್ಲಿ ಬರೆದಿದ್ದರು: ‘ಟ್ಯಾಂಕಿನಿಂದಲೇ ಮಬ್ಬು. ಇದಕ್ಕಿಂತ ತಿಳಿ ಆಗದು.’

“ಇಷ್ಟು ಯಾಕೆ ಸುತ್ತಿಸ್ತೀರಿ ಮಾವ?” ಎಂದು ಕೇಳಿದೆ.

“ತಿಳಿ ಆಗ್ಬೇಕಲ್ಲ? ಅಡುಗೆ ಮಾಡಿದ್ದು ನೀವು, ಬಡಿಸೋನನ್ನ ಬೈದ್ರೆ ಏನು ಬಂತು ಅಳಿಯಂದ್ರೇ?”

ಟವೆಲ್ ಎತ್ತಿ ಮೀಟರ್ ತೋರಿಸಿದೆ. ಅದರ ಪ್ರಕಾರ ಬಿಯರ್ ಹದಿನೈದನೇ ನಿಮಿಷಕ್ಕೇ ತಿಳಿಯಾಗಿತ್ತು.

“ಮೊದ್ಲು ಅದರ ಗಾಜು ಒರೆಸಿ,” ಎಂದು ಟವೆಲನ್ನು ನನ್ನ ಕೈಗೇ ಕೊಟ್ಟರು.

ಮನೆಗೆ ಬಂದು ಹಾರಾಡಿದೆ. ಹೆಂಡತಿ ಎಲ್ಲ ಕೇಳಿ, ಕೊನೆಗೆ ದನಿ ತಗ್ಗಿಸಿ ಹೇಳಿದಳು:

“ಈ ವಾರದಲ್ಲಿ ಎರಡು ಸಲ ರೂಮಿನ ಬಲ್ಬ್ ಬದಲಾಯಿಸಿದ್ದಾರೆ ಅಪ್ಪ. ಬೆಳಕೇ ಇಲ್ಲ ಅಂತ ಬಲ್ಬ್ ಮಾಡಿದೋರಿಗೆ ಹಿಡಿಶಾಪ ಹಾಕ್ತಾರೆ. ನನಗೇನೋ ಕಣ್ಣಿನ ಮೇಲೇ ಅನುಮಾನ.”

ನನ್ನ ಸಿಟ್ಟು ಅಲ್ಲಿಗೇ ನಿಂತಿತು. ನಿಂತಿತು ಎಂದರೆ ಇಳಿಯಲಿಲ್ಲ, ದಾರಿ ಬದಲಿಸಿತು.

ಗುರುವಾರ ಬೆಳಿಗ್ಗೆ ನಾನು ಮಾಡಿದ್ದನ್ನು ಹೇಳಲು ಈಗಲೂ ನಾಲಿಗೆ ತಡೆಯುತ್ತದೆ. ಪಂಪು ಓಡುತ್ತಿತ್ತು, ಮಾವ ಆ ಕಡೆ ತಿರುಗಿ ಒತ್ತಡ ನೋಡುತ್ತಿದ್ದರು. ಅವರ ಗ್ಲಾಸಿಗೆ ಬಿಯರ್ ಹಿಡಿಯುವ ಬದಲು ಮೂಲೆಯ ನಲ್ಲಿಯಿಂದ ಕುಡಿಯುವ ನೀರು ತುಂಬಿದೆ. “ಈಗ ಹೇಗಿದೆ ನೋಡಿ ಮಾವ,” ಎಂದು ಕೈಗಿಟ್ಟೆ.

ಅವರು ದೀಪಕ್ಕೆ ಹಿಡಿದರು. ತುಂಬಾ ಹೊತ್ತು ನೋಡಿದರು. ಎಂದಿನಂತೆ ಮೂಗಿನ ಹತ್ತಿರ ತಂದರು. ಮತ್ತೆ ದೀಪಕ್ಕೆ ಹಿಡಿದರು.

“ಇನ್ನೂ ಮಬ್ಬಿದೆ,” ಎಂದು ನೀರನ್ನು ಚರಂಡಿಗೆ ಚೆಲ್ಲಿದರು.

ಸಿಕ್ಕಿಬಿದ್ದರು! ಒಂದು ಕ್ಷಣ ಕುಣಿಯುವಷ್ಟು ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಮರುಕ್ಷಣ ಅವರು ಗ್ಲಾಸನ್ನು ತೊಳೆದು, ಒರೆಸಿ, ತಲೆಕೆಳಗಾಗಿ ಇಟ್ಟದ್ದು ನೋಡಿ ಆ ಖುಷಿ ಇಳಿದುಹೋಯಿತು. ಆ ಕೋಣೆಯಲ್ಲಿ ಮೂವತ್ತೊಂದು ವರ್ಷ ದುಡಿದ ಮನುಷ್ಯ. ಹೇಳಿದರೆ ಅವರನ್ನು ಎಬ್ಬಿಸಿ ಗೇಟಿನ ಪಕ್ಕದ ಸ್ಟೂಲಿನಲ್ಲಿ ಕೂರಿಸುತ್ತಾರೆ. ಹೇಳದಿದ್ದರೆ ಶನಿವಾರ ನಾನು ಗೇಟಿನಿಂದ ಆಚೆ.

ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳ ಕಣ್ಣು ತುಂಬಿತು.

“ಮೇಡಂಗೆ ಹೇಳಿ,” ಎಂದಳು. “ನಿಮ್ಮ ಕೆಲ್ಸ ಹೋಗ್ಬಾರ್ದು. ಆದ್ರೆ ನೀರಿನ ವಿಷ್ಯ ಮಾತ್ರ ಬಾಯಿ ಬಿಡ್ಬೇಡಿ. ಅಪ್ಪ ತಡ್ಕೊಳ್ಳಲ್ಲ.”

ಶನಿವಾರ ಮೇಡಂ ನೇರವಾಗಿ ಫಿಲ್ಟರ್ ಕೋಣೆಗೇ ಬಂದರು. ಮಾವ ಆಗಲೇ ಪದರ ಕೂರಿಸಿ ಬಿಯರ್ ಸುತ್ತಲು ಬಿಟ್ಟಿದ್ದರು. ಹೇಳಬೇಕಾದ ಮಾತನ್ನು ಬಸ್ಸಿನಲ್ಲಿ ಹತ್ತು ಸಲ ಮನಸ್ಸಿನಲ್ಲೇ ಹೇಳಿಕೊಂಡಿದ್ದೆ. ಅದೇ ಬಸ್ಸಿನಲ್ಲಿ ಮಾವ ನನ್ನ ಪಕ್ಕದಲ್ಲೇ ಕೂತಿದ್ದರು.

“ಹೇಳಿ,” ಎಂದರು ಮೇಡಂ ನನ್ನ ಕಡೆ ತಿರುಗಿ.

ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ಮುಂದೆ ಬಂದರು.

“ಮೇಡಂ, ಇವರದೇನೂ ತಪ್ಪಿಲ್ಲ. ಟ್ಯಾಂಕಿಂದ ಒಳ್ಳೆ ಬಿಯರೇ ಬರ್ತಿದೆ. ನಾಲ್ಕು ತಿಂಗಳಿಂದ ಅದನ್ನ ಸೋಸಿ ಸೋಸಿ ಕೊಲ್ತಿರೋನು ನಾನು. ನನಗೆ ಕಣ್ಣು ಕಾಣ್ತಿಲ್ಲ.”

ಮೇಡಂ ಅವರ ದಪ್ಪ ಕನ್ನಡಕದತ್ತ ನೋಡಿದರು.

“ಡಾಕ್ಟರಿಗೆ ತೋರಿಸಿದ್ರಾ?”

“ಸೋಮವಾರ ಹೋಗ್ತೀನಿ. ಮಗಳು ಕರ್ಕೊಂಡು ಹೋಗ್ತಾಳೆ.”

“ಹಾಗಿದ್ರೆ ಕಣ್ಣು ಸರಿ ಆಗೋವರೆಗೆ ಮೀಟರ್ ನೋಡಿ ಬಿಡೋದು ನಿಮ್ಮ ಅಳಿಯ. ಪದರ ಕೂರಿಸೋದು ನೀವೇ. ಅದು ಇಲ್ಲಿ ಇನ್ಯಾರಿಗೂ ಬರಲ್ಲ,” ಎಂದರು ಮೇಡಂ. ಆಮೇಲೆ ನನಗೆ, “ನಿಮ್ಮ ಮೇಲೆ ಹಾಕಿದ್ದು ನನ್ನ ತಪ್ಪು,” ಎಂದು ಹೇಳಿ ಹೋದರು.

ಗೆದ್ದಿದ್ದೆ. ಆದರೂ ಗೆದ್ದ ಹಾಗೆ ಅನ್ನಿಸಲಿಲ್ಲ. ಮೀಟರ್ ನೋಡಿ, ಹದ ಬಂದದ್ದು ಖಾತ್ರಿಯಾದ ಮೇಲೆ ವಾಲ್ವ್ ತಿರುಗಿಸಿದೆ. ಮಾವ ಬಕೆಟ್ ಬೋರಲು ಹಾಕಿಕೊಂಡು ಕೂತಿದ್ದರು. ಹೆಂಡತಿ ಬೇಡ ಎಂದಿದ್ದಳು, ಆದರೂ ತಡೆಯಲಾಗಲಿಲ್ಲ.

“ಮಾವ, ಗುರುವಾರ ನಾನು ಗ್ಲಾಸಿನಲ್ಲಿ ಕೊಟ್ಟಿದ್ದು…”

“ನೀರು,” ಎಂದರು. “ಮೂಗು ಇನ್ನೂ ನೆಟ್ಟಗಿದೆ ಅಳಿಯಂದ್ರೇ.”

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

“ಗೊತ್ತಿದ್ದೂ ಮಬ್ಬಿದೆ ಅಂದ್ರಾ?”

“ಇತ್ತಲ್ಲ! ಕಂಡಿದ್ದನ್ನೇ ಹೇಳ್ದೆ.” ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. “ನೀವು ಬಿಯರ್ ಕೊಟ್ಟಿದ್ರೆ ಅವತ್ತೂ ನಿಮ್ಮ ಮೇಲೇ ಹಾಕಿ ಮನೆಗೆ ಹೋಗಿ ಆರಾಮಾಗಿ ಉಂಡು ಮಲಗ್ತಿದ್ದೆ. ನೀರಲ್ಲೂ ಮಬ್ಬು ಕಂಡ್ಮೇಲೆ ಯಾರ ಮೇಲೆ ಹಾಕ್ಲಿ, ಹೇಳಿ?”