ಹಿತ್ತಾಳೆಗೇರಿದ ಸಾಲು

ದೊಡ್ಡ ಮನುಷ್ಯರಿಗೆ ಸಹಿ ಹಾಕುವುದು ನೀರು ಕುಡಿದಷ್ಟು ಸುಲಭ. ಸಹಿಯ ಮೇಲೆ ಒಂದು ವಾಕ್ಯ ಬರೆಯಿರಿ ಎಂದರೆ ಮಾತ್ರ ಬೆವರುತ್ತಾರೆ. ಆ ಹಳೆಯ ಹೋಟೆಲಿನಲ್ಲಿ ಈ ಸತ್ಯವನ್ನು ಕೀಲಿಕೈ ಮಾಮನಷ್ಟು ಹತ್ತಿರದಿಂದ ಕಂಡವರು ಇನ್ನೊಬ್ಬರಿರಲಿಲ್ಲ. ಮುಂಬಾಗಿಲ ಬಳಿಯ ಕೌಂಟರಿನಲ್ಲಿ ನಿಂತು ಕೋಣೆಗಳ ಕೀಲಿಕೈ ಕೊಡುವುದು ಅವನ ಕೆಲಸ. ಅದಕ್ಕೇ ಆ ಹೆಸರು.

ಹೋಟೆಲಿನ ಹೆಮ್ಮೆಯೆಂದರೆ ಅತಿಥಿ ಪುಸ್ತಕ. ಚರ್ಮದ ರಟ್ಟು, ಬಂಗಾರದ ಅಂಚು, ಗಾಜಿನ ಪೆಟ್ಟಿಗೆಯಲ್ಲಿ ವಾಸ. ಹೆಸರುವಾಸಿಯಾದವರು ಕೋಣೆ ಖಾಲಿ ಮಾಡಿ ಹೊರಟಾಗ ಮಾತ್ರ ಅದಕ್ಕೆ ಗಾಳಿ ಬೆಳಕು. ಮಾಮ ಬಿಳಿ ಕೈಗವಸು ತೊಟ್ಟು ಪುಟ ತೆರೆಯುತ್ತಿದ್ದ, ಶಾಯಿ ಪೆನ್ನಿನ ಮುಚ್ಚಳ ತೆಗೆದು ಕೊಡುತ್ತಿದ್ದ. ಗಣ್ಯರು ಪೆನ್ನು ಹಿಡಿದು ಚಾವಣಿ ನೋಡುತ್ತಿದ್ದರು. ಹೊರಗೆ ಕಾರು ಕಾಯುತ್ತಿರುತ್ತಿತ್ತು. ಕೊನೆಗೆ ತಗ್ಗಿದ ದನಿಯಲ್ಲಿ, "ಏನು ಬರೀಲಪ್ಪಾ?" ಎನ್ನುತ್ತಿದ್ದರು.

ಮಾಮ ಇನ್ನೂ ತಗ್ಗಿದ ದನಿಯಲ್ಲಿ ಹೇಳಿಕೊಡುತ್ತಿದ್ದ. ಮಂತ್ರಿಗಳಿಗೆ ಚಿಕ್ಕ ವಾಕ್ಯ. ದೊಡ್ಡದು ಕೊಟ್ಟರೆ ಅಲ್ಲೇ ಭಾಷಣ ಶುರುವಾಗುವ ಭಯ. ಸಂಗೀತಗಾರರಿಗೆ ಇಲ್ಲಿನ ನಿಶ್ಶಬ್ದದ ಬಗ್ಗೆ ಒಂದು ಮಾತು. ಕುಸ್ತಿಪಟುಗಳಿಗೆ ಊಟದ ಬಗ್ಗೆ. ಹೀಗೆ ಅರ್ಧ ಪುಸ್ತಕ ಅವನ ಬಾಯಿಂದಲೇ ಇಳಿದಿತ್ತು, ಕೆಳಗಿನ ಹೆಸರುಗಳು ಮಾತ್ರ ಬೇರೆಯವರವು.

ಅದರಲ್ಲಿ ಒಂದು ಸಾಲು ಭಾರಿ ಹೆಸರು ಮಾಡಿತು. ಒಬ್ಬ ಕವಿಗೆ ಹೇಳಿಕೊಟ್ಟದ್ದು: "ಈ ಮನೆಯಲ್ಲಿ ನಿದ್ದೆ ಕರೆಯದೇ ಬರುತ್ತದೆ, ಹೋಗೆಂದರೂ ಹೋಗುವುದಿಲ್ಲ." ಹೋಟೆಲನ್ನು 'ಮನೆ' ಎಂದು ಕರೆದ ಕವಿಯ ದೊಡ್ಡ ಮನಸ್ಸನ್ನು ಪತ್ರಿಕೆಗಳು ಕೊಂಡಾಡಿದವು. ಹೋಟೆಲಿನ ಯಜಮಾನಿ ಅದನ್ನು ಹಿತ್ತಾಳೆ ಫಲಕದಲ್ಲಿ ಕೊರೆಸಿ, ಕೆಳಗೆ ಕವಿಯ ಹೆಸರು ಹಾಕಿಸಿ ಮುಂಬಾಗಿಲಿಗೆ ಜಡಿಸಿದರು. ಬಾಗಿಲು ದಾಟುವಾಗಲೆಲ್ಲ ಮಾಮನಿಗೆ ಹೊಟ್ಟೆ ಉರಿಯುತ್ತಿತ್ತು. ಅವನಿಗೆ ಫಲಕ ಬೇಕಿರಲಿಲ್ಲ. ಯಾರಾದರೂ ಒಬ್ಬರು, ಒಂದೇ ಒಂದು ಸಲ, 'ಇದು ನಿನ್ನ ಸಾಲಲ್ವೇನಯ್ಯಾ' ಎಂದಿದ್ದರೆ ಸಾಕಿತ್ತು. ಹೆಂಡತಿಯ ಮುಂದೆ ಎಷ್ಟೋ ಸಲ ಹೇಳಿಕೊಂಡಿದ್ದ. ಅವಳು "ಹೌದಾ" ಎಂದು ಕೇಳಿ ಸುಮ್ಮನಾಗುತ್ತಿದ್ದಳು. ಕಟ್ಟಿಕೊಂಡವಳೇ ನಂಬಲಿಲ್ಲವಲ್ಲ ಎಂದು ಅದೊಂದು ಬೇರೆ ಸಂಕಟ.

ಹೊಟ್ಟೆಯುರಿಯಲ್ಲಿ ಮನುಷ್ಯ ಮಾಡಬಾರದ್ದು ಮಾಡುತ್ತಾನೆ. ಮಾಮ ಅದೇ ಸಾಲನ್ನು ಒಬ್ಬ ಗಾಯಕಿಗೂ ಹೇಳಿಕೊಟ್ಟ, ಮುಂದೊಮ್ಮೆ ಒಬ್ಬ ನಿವೃತ್ತ ಸೇನಾಪತಿಗೂ ಕೊಟ್ಟ. ನನ್ನ ಸಾಲು, ನಾನು ಯಾರಿಗೆ ಬೇಕಾದರೂ ಕೊಡುತ್ತೇನೆ ಎಂಬ ಜಂಬ. ಗಣ್ಯರು ಇನ್ನೊಬ್ಬ ಗಣ್ಯರ ಪುಟ ಓದುವುದಿಲ್ಲ ಎಂಬ ಧೈರ್ಯವೂ ಇತ್ತು.

ಓದುವವರು ಬಂದೇಬಿಟ್ಟರು. ಹಳೆಯ ಕಟ್ಟಡಗಳಿಗೆ ಪಾರಂಪರಿಕ ಪಟ್ಟ ಕೊಡುವ ಸಮಿತಿ ಅದು. ಪಟ್ಟ ಸಿಕ್ಕರೆ ಹೋಟೆಲು ಉಳಿಯುತ್ತದೆ, ತಪ್ಪಿದರೆ ಯಜಮಾನಿ ಮಾರಿಬಿಡುವವರೇ. ಸಮಿತಿಯ ಅಧ್ಯಕ್ಷೆ ಕಂಬಗಳನ್ನು ಮೆಚ್ಚಿದರು, ಮೆಟ್ಟಿಲುಗಳನ್ನು ಮೆಚ್ಚಿದರು, ಆಮೇಲೆ ಕನ್ನಡಕ ಸರಿಮಾಡಿಕೊಂಡು ಪುಸ್ತಕಕ್ಕೆ ಕೂತರು.

"ಕೈಬರಹ ಮೂರು ಥರ ಇದೆ, ಮಾತು ಮಾತ್ರ ಒಂದೇ," ಎಂದರು. "ಹೋಟೆಲಿನವರೇ ಕೂತು ಬರೆದ ಹಾಗಿದೆಯಲ್ಲ?"

ಯಜಮಾನಿಯ ಮುಖ ಬಿಳಿಚಿಕೊಂಡಿತು. ಗಾಯಕಿ, ಸೇನಾಪತಿ ಇಬ್ಬರೂ ತೀರಿಕೊಂಡಿದ್ದರು. ಬದುಕಿದ್ದವರು ಕವಿ ಒಬ್ಬರೇ, ಈಚೆಗೆ ಪಕ್ಕದ ಬೀದಿಯಲ್ಲೇ ಮನೆ ಮಾಡಿದ್ದರು. ಕರೆತರಲು ಕಾರು ಓಡಿತು.

ಕವಿ ಕೋಲೂರಿಕೊಂಡು ಬಂದವರು ಮೊದಲು ಫಲಕದ ಮುಂದೆ ನಿಂತು ಕಣ್ತುಂಬ ನೋಡಿಕೊಂಡರು. ಆಮೇಲೆ ಒಳಬಂದು, "ನನ್ನ ಸಾಲಲ್ಲದೆ ಇನ್ಯಾರದು? ಇದಕ್ಕೋಸ್ಕರ ಅವತ್ತು ರಾತ್ರಿಯೆಲ್ಲ ರೆಪ್ಪೆ ಮುಚ್ಚಲಿಲ್ಲ ನಾನು!" ಎಂದರು. ಹೋಟೆಲಿನ ನಿದ್ದೆಯನ್ನು ಹೊಗಳಲು ಅದೇ ಹೋಟೆಲಿನಲ್ಲಿ ನಿದ್ದೆಗೆಟ್ಟದ್ದು ಸಮಿತಿಯಲ್ಲಿ ಒಬ್ಬರಿಗೂ ವಿಚಿತ್ರವೆನಿಸಲಿಲ್ಲ. ಉಳಿದೆರಡು ಪುಟ ತೋರಿಸಿದಾಗ ಕವಿ ಕೋಲು ಕುಟ್ಟಿದರು. "ಕದ್ದಿದ್ದಾರೆ! ಹೋಗ್ಲಿ ಬಿಡಿ, ಸತ್ತವರ ಜೊತೆ ಏನು ಜಗಳ."

ಅಧ್ಯಕ್ಷೆ ಮಾಮನ ಕಡೆ ತಿರುಗಿದರು. "ನೀವು ಅವತ್ತು ಪಕ್ಕದಲ್ಲೇ ಇದ್ರಂತಲ್ಲ? ಈ ಸಾಲು ಇವರದೇನಾ?"

ಬದುಕಿಡೀ ಕಾದ ಪ್ರಶ್ನೆ ತಾನಾಗಿ ಎದುರು ಬಂದು ನಿಂತಿತ್ತು. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಯಜಮಾನಿ ಕಣ್ಣು ದೊಡ್ಡದು ಮಾಡಿದರು. ಮಾಮ ಕವಿಯ ಮುಖ ನೋಡಿದ. ಅಲ್ಲಿ ಸುಳ್ಳಿನ ಸುಳಿವೇ ಇರಲಿಲ್ಲ. ಮುದುಕ ನಿಜವಾಗಿಯೂ ತನ್ನದೆಂದೇ ನಂಬಿಬಿಟ್ಟಿದ್ದ. ಮಾಮನಿಗೆ ಹೆಚ್ಚು ಚುಚ್ಚಿದ್ದು ಅದೇ.

"ಹೌದು ಮೇಡಂ, ಇವರದೇ," ಎಂದ. "ನಾನು ಪೆನ್ನಿನ ಮುಚ್ಚಳ ತೆಗೆದುಕೊಟ್ಟೆ, ಅಷ್ಟೇ."

ಪಟ್ಟ ಸಿಕ್ಕಿತು. ಯಜಮಾನಿ ಕವಿಗೆ ಶಾಲು ಹೊದಿಸಿದರು, ಮಾಮನಿಗೆ ಸಂಜೆ ಬೇಗ ಮನೆಗೆ ಹೋಗಲು ಅಪ್ಪಣೆ ಕೊಟ್ಟರು.

ಮನೆಯಲ್ಲಿ ಹೆಂಡತಿ ಕಿಟಕಿಯ ಬೆಳಕಿಗೆ ಕೂತು ಅವನ ಇನ್ನೊಂದು ಕೋಟಿಗೆ ಗುಂಡಿ ಹೊಲಿಯುತ್ತಿದ್ದಳು. ಮಾಮ ಶೂ ಕೂಡ ಬಿಚ್ಚದೆ ಎಲ್ಲವನ್ನೂ ಕಾರಿಕೊಂಡ.

"ನನ್ನ ಕಣ್ಣೆದುರಿಗೇ ತನ್ನದು ಅಂದುಬಿಟ್ಟ ಕಣೇ! ಸುಳ್ಳು ಹೇಳಿದ್ರೆ ಹಾಳಾಗ್ಲಿ ಅನ್ನಬಹುದಿತ್ತು. ಅವನಿಗೆ ನಿಜವಾಗ್ಲೂ ಹಾಗೇ ಅನ್ನಿಸಿಬಿಟ್ಟಿದೆ. ಹೀಗೂ ಉಂಟಾ?"

"ಉಂಟು," ಎಂದಳು ಅವಳು, ದಾರ ಕಚ್ಚಿ ಕತ್ತರಿಸಿ. "ನಿಮಗೂ ಅನ್ನಿಸಿಲ್ವಾ?"

"ನನಗೇನು ಅನ್ನಿಸೋದು?"

"ಮದುವೆಯಾದ ಹೊಸದು. ಬಿಸಿಲು ಬಂದ ಮೇಲೆ ಎದ್ದೆ ಅಂತ ಅತ್ತೆ ನನ್ನ ತರಾಟೆಗೆ ತಗೊಂಡ್ರು. 'ನಾನೇನ್ ಮಾಡ್ಲಿ ಅತ್ತೆ, ಈ ಮನೇಲಿ ನಿದ್ದೆ ಕರೀದೇನೇ ಬರತ್ತೆ, ಹೋಗು ಅಂದ್ರೂ ಹೋಗಲ್ಲ' ಅಂದೆ. ಸಿಟ್ಟಲ್ಲಿದ್ದವರು ನಕ್ಕುಬಿಟ್ರು. ನೀವೂ ಅಲ್ಲೇ ಬಾಗಿಲಲ್ಲಿ ನಿಂತು ತಲೆ ಬಾಚ್ಕೊಳ್ತಾ ಇದ್ರಿ."

ಮಾಮನಿಗೆ ಬಾಗಿಲು ನೆನಪಾಯಿತು, ಬಾಚಣಿಗೆ ನೆನಪಾಯಿತು. ಸುಲಭಕ್ಕೆ ನಗದ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕದ್ದೂ ನೆನಪಾಯಿತು. ನಾಚಿಕೆಯಿಂದ ಅವನ ಕಿವಿಯವರೆಗೂ ಬಿಸಿಯೇರಿತು.

"ಇಷ್ಟು ವರ್ಷ ಯಾಕೆ ಬಾಯಿ ಬಿಡ್ಲಿಲ್ಲ ನೀನು?"

"ಬಿಟ್ಟು? ಸೋಮಾರಿ ಸೊಸೆ ಹೇಳಿದ ನೆಪಕ್ಕೆ ಹಿತ್ತಾಳೆ ಫಲಕ ಯಾರು ಹಾಕಿಸ್ತಾರೆ?" ಎಂದು ನಕ್ಕಳು. ಕೋಟು ಕೊಡವಿ ಮಡಚಿದಳು. ಆಮೇಲೆ ನಗದೆ ಹೇಳಿದಳು: "ಆದ್ರೆ ನೀವು ಆ ಸಾಲಿನ ಕಥೆ ಶುರು ಮಾಡಿದಾಗೆಲ್ಲ, ಈ ಸಲ ನೆನಪಾಗಬಹುದು, ಈ ಸಲ ಹೇಳಬಹುದು ಅಂತ ಕೇಳ್ತಾ ಕೂತಿರ್ತಿದ್ದೆ."

ಮಾಮ ತಲೆ ತಗ್ಗಿಸಿ ಕೂತ. ಕವಿಯ ಮೇಲಿದ್ದ ಸಿಟ್ಟು ಪೂರ್ತಿ ಇಳಿದುಹೋಗಿತ್ತು. ಅದು ಇದ್ದಿದ್ದರೇ ವಾಸಿಯಿತ್ತು ಎಂದು ಅವನಿಗೆ ಅನಿಸಿತು.