ಮೂರು ಬಾತುಕೋಳಿಗಳ ಕೆಂಪು ಟೊಪ್ಪಿ

ಪರದೆಯ ಮೇಲೆ ನೂರು ಬಾತುಕೋಳಿಗಳು ಕುಣಿಯುತ್ತಿದ್ದವು. ಗುಂಡಿ ಒತ್ತಿದ ಕೂಡಲೇ ಅಷ್ಟಕ್ಕೂ ಕೆಂಪು ಟೊಪ್ಪಿ ಹೋಗಿ ಹಳದಿ ಬರಬೇಕು. ತೊಂಬತ್ತೇಳಕ್ಕೆ ಬರುತ್ತಿತ್ತು. ಉಳಿದ ಮೂರು ಜಪ್ಪಯ್ಯ ಎಂದರೂ ಕೆಂಪು ಬಿಡುತ್ತಿರಲಿಲ್ಲ.

ಇಂಜಿನಿಯರಮ್ಮನಿಗೆ ಮೂರು ವಾರದಿಂದ ಇದೇ ಗೋಳು. ಯಾವ ಬಣ್ಣವೆಂದು ಮೆಮೊರಿಯಲ್ಲಿ ಬರೆಯುವುದು ಪ್ರೊಸೆಸರ್. ಅದು ಇವಳ ಪಾಲು. ಅದನ್ನು ಮೆಮೊರಿಯಿಂದ ಓದಿ ಚಿತ್ರ ಬಿಡಿಸುವುದು ಗ್ರಾಫಿಕ್ಸ್ ಚಿಪ್. ಅದು ಅದೇ ಕೋಣೆಯ ಇನ್ನೊಂದು ತುದಿಯಲ್ಲಿ ಕೂರುವ ಗಂಡನ ಪಾಲು. ಇವತ್ತು ಮಧ್ಯಾಹ್ನ ಹನ್ನೆರಡರೊಳಗೆ ತಪ್ಪು ಯಾರದೆಂದು ಗೊತ್ತಾಗಬೇಕು, ತಪ್ಪು ಮಾಡಿದವರು ನೆಲಮಾಳಿಗೆಯ ಪ್ರಿಂಟರ್ ವಿಭಾಗಕ್ಕೆ ಹೋಗಬೇಕು ಎಂದು ಮೇಲಿನ ಮಹಡಿಯ ಮ್ಯಾನೇಜರ್ ಮೇಡಂ ಖಡಾಖಂಡಿತವಾಗಿ ಹೇಳಿದ್ದರು. ಅಲ್ಲಿಗೆ ಹೋದವರು ಕಾಗದ ಸಿಕ್ಕಿಕೊಂಡ ಕಥೆ ಬಿಟ್ಟು ಬೇರೇನೂ ಮಾತಾಡಿದ್ದನ್ನು ಯಾರೂ ಕೇಳಿಲ್ಲ.

"ನಾನು ಹಳದಿ ಅಂತಲೇ ಬರೆದಿದೀನಿ. ಬೇಕಾದ್ರೆ ಬಂದು ನೋಡು," ಎಂದಳು.

"ಮೆಮೊರೀಲಿ ಇರೋದನ್ನ ನಾನು ಓದ್ತೀನಿ. ಅಲ್ಲಿ ಕೆಂಪಿದೆ ಕಣೆ."

ಇಬ್ಬರೂ ಹೇಳುತ್ತಿದ್ದುದು ನಿಜ. ತಲೆನೋವು ಅದೇ.

ಹನ್ನೊಂದೂವರೆಗೆ ಗಂಡ ಚೀಲದಿಂದ ಊಟದ ಡಬ್ಬಿ ಎಳೆದಾಗ ಜೊತೆಗೊಂದು ಉಪ್ಪಿನ ಪೊಟ್ಟಣ ಬಿತ್ತು.

"ಮತ್ತೆ ಉಪ್ಪಾ? ನಿನ್ನೇನೇ ತಂದಿದೀನಲ್ಲ."

"ಫ್ರಿಜ್ ಮೇಲಿನ ಚೀಟೀಲಿ ಉಪ್ಪು ಬೇಕು ಅಂತಿತ್ತು. ಬರ್ತಾ ತಗೊಂಡೆ."

"ತಂದಾಯ್ತು ಅಂತ ಬರೆದಿದ್ನಲ್ಲ."

"ಎಲ್ಲಿ?"

ಅವಳು ಎಡಗೈ ಬಿಚ್ಚಿದಳು. ಅಂಗೈಯಲ್ಲಿ ಮಾಸಿದ ನೀಲಿ ಶಾಯಿ: ಉಪ್ಪು ಆಯ್ತು. ಏನಿದ್ದರೂ ಮೊದಲು ಕೈಮೇಲೆ ಬರೆದುಕೊಂಡು, ಪುರುಸೊತ್ತಾದಾಗ ಚೀಟಿಗೆ ದಾಟಿಸುವುದು ಅವಳ ಅಭ್ಯಾಸ. ಮನೆಯಲ್ಲಿ ಆಗಲೇ ಐದು ಪೊಟ್ಟಣ ಉಪ್ಪಿತ್ತು.

ಅಂಗೈ ನೋಡುತ್ತಿದ್ದವಳು ತಟ್ಟನೆ ಪರದೆಯತ್ತ ತಿರುಗಿದಳು. ಪ್ರೊಸೆಸರ್ ಮಾಡುವುದೂ ಇದನ್ನೇ. ಬರೆದದ್ದನ್ನು ಮೊದಲು ತನ್ನದೇ ಕ್ಯಾಶ್ ಮೆಮೊರಿಯಲ್ಲಿ ಇಟ್ಟುಕೊಂಡು ಆಮೇಲೆ ದೊಡ್ಡ ಮೆಮೊರಿಗೆ ದಾಟಿಸುತ್ತದೆ. ಕೊನೆಯ ಮೂರು ಟೊಪ್ಪಿ ದಾಟುವ ಮೊದಲೇ ಚಿಪ್ ಬಂದು ಹಳೆಯ ಕೆಂಪನ್ನೇ ಓದಿಕೊಂಡು ಹೋಗುತ್ತದೆ. 'ಈಗಲೇ ದಾಟಿಸು' ಎಂಬ ಸಾಲನ್ನು ಅವಳು ಪ್ರೋಗ್ರಾಮಿನಲ್ಲಿ ಬರೆಯಬೇಕಿತ್ತು. ಬರೆದಿರಲಿಲ್ಲ.

ಬರೆದಳು. ಗುಂಡಿ ಒತ್ತಿದಳು. ನೂರಕ್ಕೆ ನೂರು ಹಳದಿ. ಅವಳು ಗಂಡನನ್ನು ಡಬ್ಬಿ ಸಮೇತ ಎರಡು ಸುತ್ತು ಗಿರಗಿರನೆ ತಿರುಗಿಸಿ, ಎದ್ದೆನೋ ಬಿದ್ದೆನೋ ಎಂದು ಮೆಟ್ಟಿಲು ಹತ್ತಿ, ಕದವನ್ನೂ ತಟ್ಟದೆ ಮೇಡಂ ಮುಂದೆ ನಿಂತಳು.

"ತಪ್ಪು ನಂದೇ ಮೇಡಂ. ಪೂರ್ತಿ ನಂದೇ. ಸಿಕ್ಕಿಬಿಡ್ತು."

ಮೇಡಂ ಕನ್ನಡಕ ಕೆಳಗಿಳಿಸಿದರು. "ಪ್ರಿಂಟರ್ ವಿಷಯ ನೆನಪಿದೆಯಾ?"

"ಈಗ ನೆನಪಾಯ್ತು ಮೇಡಂ." ಕಾಲಿನ ಕುಣಿತ ನಿಂತಿತು, ಮುಖದ ನಗು ಮಾತ್ರ ಎಷ್ಟು ಒತ್ತಿದರೂ ನಿಲ್ಲಲಿಲ್ಲ.

"ತಪ್ಪು ಒಪ್ಪೋಕೆ ಓಡಿ ಬರೋರನ್ನ ಕೆಳಗೆ ಕಳಿಸಿದ್ರೆ ಮೇಲೆ ಯಾರನ್ನ ಇಟ್ಕೊಳ್ಳಲಿ? ನಡೀರಿ, ಬಾತುಕೋಳಿ ತೋರ್ಸಿ."

ಸಂಜೆ ಅವಳು ಚಪ್ಪಲಿಯನ್ನೂ ಬಿಡದೆ ನೇರವಾಗಿ ಫ್ರಿಜ್ ಹತ್ತಿರ ಹೋಗಿ ಚೀಟಿಯಲ್ಲಿ ಬರೆದಳು: ಉಪ್ಪು ಬೇಡ. ತಪ್ಪು ನನ್ನದು. ಕೈತೊಳೆದು ಬರುವಷ್ಟರಲ್ಲಿ ಅದರ ಕೆಳಗೆ ಗಂಡನ ಅಕ್ಷರವಿತ್ತು: ಓದಿದೆ.