ಬೆನ್ನ ಹಿಂದಿನ ರೈಲು

ಬೆಳಗಿನಿಂದ ಬೀಸುತ್ತಿದ್ದ ಒಣಗಾಳಿ ಅಂಗಳದ ತಾಡಪಾಲನ್ನು ಮತ್ತೆ ಕಿತ್ತೆಸೆಯಿತು. ಟಿಕೆಟ್ ಅಕ್ಕ ಓಡಿಹೋಗಿ ಅದರ ತುದಿಯ ಮೇಲೆ ಕುಳಿತೇಬಿಟ್ಟಳು. ಪುಟ್ಟ ಮಾದರಿ ರೈಲುಗಳನ್ನು ಓಡಿಸಿ ತೋರಿಸುವ ಮೇಳದಲ್ಲಿ ಸಂಬಳವಿಲ್ಲದೆ ದುಡಿಯುವವರೆಲ್ಲ, ಟಿಕೆಟ್ ಹರಿಯುವ ಅವಳಂತೆಯೇ, ಮೇಜುಮಾಮನ ಮನೆಗೆ ಬಂದಿದ್ದರು. ಕುರ್ಚಿ ಜೋಡಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಒಬ್ಬನಂತೂ ರೂಢಿಬಲದಿಂದ ಗೇಟಿಗೆ ‘ಪ್ರವೇಶ’ ಎಂದು ಬಾಣದ ಗುರುತು ಅಂಟಿಸಿದ್ದ.

“ಲೇ, ಕೀಳೋ ಅದನ್ನ! ಸಾವಿನ ಮನೆಗೂ ದಾರಿ ತೋರಿಸ್ತಾರೇನೋ?” ಎಂದು ಟಿಕೆಟ್ ಅಕ್ಕ ಗದರಿದಳು.

“ಇರ್ಲಿ ಬಿಡೇ,” ಎಂದಳು ಸತ್ತವನ ಹೆಂಡತಿ, ಬಾಗಿಲಲ್ಲಿ ನಿಂತು. “ಬದುಕಿದ್ದಾಗ ಈ ಮನೆ ದಾರಿ ಯಾರಿಗೂ ಗೊತ್ತಿರ್ಲಿಲ್ಲ. ಈಗಾದ್ರೂ ಬರ್ಲಿ ದೊಡ್ಡೋರು.”

ದೊಡ್ಡವರು ಬಂದರು. ಮೇಳದ ಅಧ್ಯಕ್ಷರು ಹೂವಿಟ್ಟು ಗಂಟಲು ಸರಿಮಾಡಿಕೊಂಡರು. ಅವರ ಹಿಂದೆ ಹಲ್ಲಿನ ಡಾಕ್ಟರು. ಮೇಳದಲ್ಲಿ ಜನ ಮುಗಿಬೀಳುವುದು ಅವರ ಹಸಿರು ಎಂಜಿನ್ನು ನೋಡಲಿಕ್ಕೇ.

“ಮೇಜುಮಾಮ ನಮ್ಮ ಮೇಳದ ಬೆನ್ನೆಲುಬಾಗಿದ್ರು,” ಎಂದರು ಅಧ್ಯಕ್ಷರು.

“ಹೌದು, ಬೆನ್ನೆಲುಬೇ,” ಎಂದಳು ಹೆಂಡತಿ. “ಅದನ್ನ ಯಾರು ತಿರುಗಿ ನೋಡ್ತಾರೆ ಸ್ವಾಮಿ? ಮೇಜು ಹೊರೋಕೆ ಅವ್ರು, ವೈರು ಎಳೆಯೋಕೆ ಅವ್ರು, ಜನರನ್ನ ತಡೆಯೋ ಹಗ್ಗದ ಹತ್ರ ಕಾವಲಿಗೂ ಅವ್ರೇ. ಮುಖ ಜನಕ್ಕೆ, ಬೆನ್ನು ರೈಲಿಗೆ. ನನ್ನ ಗಂಡ ಅದರ ಸದ್ದು ಕೇಳಿದ್ದೇ ಬಂತು, ಓಡೋದನ್ನ ಒಂದಿನ ಕಣ್ತುಂಬ ನೋಡ್ಲಿಲ್ಲ. ಒಂದು ಸುತ್ತು ಕೇಳಿದ್ರು. ಒಂದೇ ಒಂದು!”

ಅಧ್ಯಕ್ಷರು ತಾವಿಟ್ಟ ಹೂವನ್ನೇ ಮತ್ತೆ ಸರಿಪಡಿಸಿದರು. ಡಾಕ್ಟರು ಹೊರನಡೆದರು.

“ಹಲ್ಲಿನ ಡಾಕ್ಟ್ರಿಗೇ ಹಲ್ಲು ಕಿತ್ತಂಗಾಯ್ತು ನೋಡು,” ಎಂದು ಟಿಕೆಟ್ ಅಕ್ಕ ಗೊಣಗಿದಳು.

\*

ನೋಡುಗರೆಲ್ಲ ಹೋದ ಮೇಲೆ, ದುಡಿದವರಿಗಾಗಿಯೇ ಒಂದು ಸುತ್ತು ರೈಲು ಬಿಡಬೇಕೆಂಬುದು ಮೇಳ ಶುರುವಾದಾಗಲೇ ಒಪ್ಪಿದ ಮಾತು. ದೇವರು ಯಾರ ದುಡಿಮೆಯನ್ನೂ ಮರೆಯುವುದಿಲ್ಲ. ಸಮಿತಿಗಳ ಮಾತು ಬೇರೆ.

ಹೋದ ಮೇಳದ ಕೊನೆಯ ಸಂಜೆ, ತನ್ನ ಬೀಗ ರಿಪೇರಿ ಅಂಗಡಿ ಮುಚ್ಚಿ ಬಂದಿದ್ದ ಮಾಮ ಮೇಜಿನಡಿಯಿಂದ ತಲೆ ಹೊರಹಾಕಿದ. “ಈ ಸಲನಾದ್ರೂ ನಮ್ಮ ಸುತ್ತು?”

“ಸಭಾಂಗಣ ಬಿಟ್ಟುಕೊಡ್ಬೇಕಲ್ಲ ಮಾಮ,” ಎಂದರು ಅಧ್ಯಕ್ಷರು. “ಮುಂದಿನ ಸಲ ಗ್ಯಾರಂಟಿ.”

ಡಾಕ್ಟರು ಆಗಲೇ ಎಂಜಿನ್ನನ್ನು ಹತ್ತಿಯಲ್ಲಿ ಸುತ್ತುತ್ತಿದ್ದರು. ಮಾಮ ಮಂಡಿಯ ಧೂಳು ಕೊಡವಿ, ಅವರ ಡಬ್ಬಿಯ ಮುಚ್ಚಳ ಹಿಡಿದು ನಿಂತ. “ಆಯ್ತು ಬಿಡಿ. ರೈಲು ಅಂದ್ಮೇಲೆ ಲೇಟಾಗೋದೇ,” ಎಂದು ನಕ್ಕ.

ಮನೆಗೆ ಬಂದವನು ಉಣ್ಣದೆ ಮಲಗಿದ್ದ. ಮುಂದಿನ ಮೇಳ ಹತ್ತಿರವಾಗುವಷ್ಟರಲ್ಲಿ ನಿದ್ದೆಯಲ್ಲೇ ಹೋಗಿಬಿಟ್ಟ.

\*

“ಹೊತ್ತಾಯ್ತು. ಎತ್ತೋಣವಾ?” ಅಧ್ಯಕ್ಷರು ಶವಪೆಟ್ಟಿಗೆಗೆ ಕೈಹಚ್ಚಿದರು.

ಆಗ ಡಾಕ್ಟರು ಚೀಲ ಹಿಡಿದು ಒಳಬಂದರು. ಬಗ್ಗಿ ಅಭ್ಯಾಸವಿಲ್ಲದ ಮಂಡಿಯನ್ನು ನೆಲಕ್ಕೂರಿ, ಪೆಟ್ಟಿಗೆಯ ಸುತ್ತ ಪುಟ್ಟ ಹಳಿಗಳನ್ನು ಒಂದಕ್ಕೊಂದು ಕೂಡಿಸತೊಡಗಿದರು.

“ಡಾಕ್ಟ್ರೇ, ಹೊರಗೆ ಗಾಡಿ ಕಾಯ್ತಿದೆ...”

“ಕಾಯ್ಲಿ,” ಎಂದಳು ಹೆಂಡತಿ. ಗಂಡನ ಮುಖದ ಮೇಲಿನ ಬಟ್ಟೆ ಸರಿಸಿದಳು.

ಹಸಿರು ಎಂಜಿನ್ನು ಅವನ ಕಾಲ ಬಳಿಯಿಂದ ಹೊರಟಿತು. ತಲೆಯ ಹತ್ತಿರ, ತಿರುವಿನಲ್ಲಿ, ತುಸು ತಡೆದು ನಿಂತಿತು, ಮತ್ತೆ ಸರಿಯಿತು. ಹೊರಲು ಬಂದವರೆಲ್ಲ, ಅಧ್ಯಕ್ಷರೂ ಸೇರಿ, ಹಳಿ ತುಳಿಯದಂತೆ ಗೋಡೆಗೊತ್ತಿ ನಿಂತು, ಅದು ಸುತ್ತಿ ಬರುವುದನ್ನೇ ಕಾದರು.